ಕೈಬಳೆಯ ಬೆಲೆಯಲ್ಲಿ ಕೈಯ ಕೂಲಿ ಎಲ್ಲಿದೆ?

2025ರ ಏಪ್ರಿಲ್ ತಿಂಗಳಲ್ಲಿ ಹತ್ತು ಗ್ರಾಂ ಅಪರಂಜಿ ಚಿನ್ನದ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಕೇಂದ್ರ ಸರಕಾರ 2024ರ ಜುಲೈಯಲ್ಲಿ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದಾಗ ಇನ್ನು ಮದುವೆಯ ಖರ್ಚು ಹಗುರವಾಗುತ್ತದೆ ಎಂದು ಸಮಾಧಾನಪಟ್ಟವರು ಒಂದೇ ವರ್ಷದಲ್ಲಿ ಲೆಕ್ಕ ಬದಲಿಸಬೇಕಾಯಿತು. 2025 ಮುಗಿಯುವಷ್ಟರಲ್ಲಿ ಬೆಲೆ ಇನ್ನೂ ಮೇಲೇರಿತ್ತು. ನಮ್ಮ ಧರ್ಮಕೇಂದ್ರಗಳಲ್ಲಿ ಮಗಳ ಮದುವೆಗೆ ಇಂತಿಷ್ಟು ಪವನು ಎಂದು ಲೆಕ್ಕ ಹಾಕುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಚಿನ್ನ ಕೈಗೆಟುಕದಾದಾಗ ಕೃತಕ ಆಭರಣದ ವ್ಯಾಪಾರ ಏರುತ್ತದೆ. 'ಒಂದು ಗ್ರಾಂ ಚಿನ್ನ' ಎಂಬ ಫಲಕದ ಅಂಗಡಿಗಳು ಈಗ ಸಣ್ಣ ಪೇಟೆಗಳಲ್ಲೂ ಇವೆ. ಅದರ ಜೊತೆಜೊತೆಗೇ ಇನ್ನೊಂದು ವ್ಯಾಪಾರ ಸದ್ದಿಲ್ಲದೆ ಬೆಳೆದಿದೆ: ಮನೆಯಲ್ಲೇ ಕುಳಿತು ರೇಷ್ಮೆ ದಾರದ ಬಳೆ, ಜೇಡಿಮಣ್ಣಿನ ಜುಮುಕಿ, ಮಣಿಸರ, ಬಟ್ಟೆಯ ಓಲೆ ಮಾಡಿ ವಾಟ್ಸ್‌ಆಪ್ ಸ್ಟೇಟಸ್‌ನಲ್ಲಿ ಹಾಕಿ ಮಾರುವ ಮಹಿಳೆಯರ ವ್ಯಾಪಾರ. ಈ ಬಾರಿ ನಾವು ಈ ಸಂಗತಿಯನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ದೃಷ್ಟಿಯಿಂದ ನೋಡಲಿದ್ದೇವೆ.

ಕರಾವಳಿಯ ಪತ್ರಿಕೆಗೆ ಘಟ್ಟದ ಮೇಲಿನ ಚಿತ್ರದುರ್ಗವೇಕೆ ಎಂದು ಕೇಳುವವರಿರಬಹುದು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಸೇರಿದ ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಸ್ಥಾಪನೆಯಾಯಿತು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಧರ್ಮಗುರುಗಳೂ ಧರ್ಮಭಗಿನಿಯರೂ ಆ ಬಯಲುಸೀಮೆಯಲ್ಲಿ ಸೇವೆ ಸಲ್ಲಿಸಿದ್ದಾರೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾಗಿ ಬಂದ ಅತಿ ವಂದನೀಯ ಡಾ. ಜೆರಾಲ್ಡ್ ಐಸಾಕ್ ಲೋಬೊ ಅವರು ಅದಕ್ಕೆ ಮೊದಲು ಹನ್ನೆರಡು ವರ್ಷ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದವರೇ. ಇದಲ್ಲದೆ ಈ ಲೇಖನದ ಮಟ್ಟಿಗೆ ಇನ್ನೊಂದು ನಂಟೂ ಇದೆ. ಅದು ಉಜಿರೆಯದು.

ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯನ್ನು ನಮ್ಮ ಓದುಗರೆಲ್ಲ ಬಲ್ಲರು. ಆ ಮಾದರಿಯನ್ನೇ ಹಿಡಿದು ಕೇಂದ್ರ ಸರಕಾರ 2009ರಿಂದ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಕಟ್ಟಿಸಿತು. ಚಿತ್ರದುರ್ಗದಲ್ಲಿ ರುಡ್‌ಸೆಟ್‌ನದೇ ಶಾಖೆ ಇದೆ. ಇಂಥ ಸಂಸ್ಥೆಗಳ ತರಬೇತಿ ಪಟ್ಟಿಯಲ್ಲಿ ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿಯ ಸಾಲಿನಲ್ಲಿ ಕೃತಕ ಆಭರಣ ತಯಾರಿಕೆಯ 13 ದಿನಗಳ ತರಬೇತಿಯೂ ಸೇರಿದೆ. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಮನೆಯಲ್ಲಿ ಕುಳಿತು ಆಭರಣ ಮಾಡಿ ಬದುಕಬಹುದು ಎಂಬ ಆಸೆಗೆ ಸರಕಾರದ ಮುದ್ರೆಯೂ ಬಿದ್ದಿದೆ ಎಂದಾಯಿತು.

ಆಭರಣ ಆ ನೆಲಕ್ಕೆ ಹೊಸದೂ ಅಲ್ಲ. ಚಿತ್ರದುರ್ಗದ ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಮತ್ತು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೊದಲು ಡಾ. ಎಂ. ಎಚ್. ಕೃಷ್ಣ ಅವರು, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ಮಣ್ಣಿನಿಂದ ಎದ್ದು ಬಂದ ವಸ್ತುಗಳಲ್ಲಿ ಮಣಿಗಳೂ ಬಳೆಯ ತುಂಡುಗಳೂ ಇದ್ದವು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಪ್ರಭು ಯೇಸುವಿನ ಕಾಲದ ತಿಬೇರಿಯನ ನಾಣ್ಯ ಚಿತ್ರದುರ್ಗದಲ್ಲಿ! ಇತ್ತ ಲಂಬಾಣಿ ತಾಂಡಾಗಳ ಮಹಿಳೆಯರು ಕನ್ನಡಿ ಚೂರು, ಕವಡೆ, ನಾಣ್ಯ ಪೋಣಿಸಿ ತೊಡುವ ಆಭರಣದ ಪರಂಪರೆ ಇಂದಿಗೂ ಜೀವಂತವಿದೆ.

ಆದರೆ ಇಂದಿನ ಮನೆ ವ್ಯಾಪಾರಕ್ಕೆ ದೂಡುವುದು ಪರಂಪರೆಗಿಂತ ಹೆಚ್ಚಾಗಿ ಬದುಕಿನ ಅನಿವಾರ್ಯತೆ. ಈ ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಹಿರಿಯೂರಿನ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಡಿಕೆ, ತೆಂಗು, ದಾಳಿಂಬೆ ತೋಟವಿದ್ದವರ ಮಾತು ಬೇರೆ. ಒಣಭೂಮಿಯವರ ಮನೆಯ, ಕೂಲಿಯವರ ಮನೆಯ ಹೆಣ್ಣುಮಕ್ಕಳಿಗೆ ವರ್ಷದ ಎಷ್ಟೋ ತಿಂಗಳು ಕೆಲಸವಿಲ್ಲ. ಡಿಗ್ರಿ ಮುಗಿಸಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಹೊರಗೆ ದುಡಿಯಲು ಮನೆಯವರ ಒಪ್ಪಿಗೆಯೂ ಇರುವುದಿಲ್ಲ. ಹಾಗಾಗಿ ಮಗುವನ್ನು ಮಲಗಿಸಿ, ಅಡುಗೆ ಮುಗಿಸಿ, ಮಧ್ಯಾಹ್ನ ಎರಡು ಗಂಟೆ ಹೊತ್ತು ಬಳೆಗೆ ದಾರ ಸುತ್ತುವ ಕೆಲಸ ಅವರಿಗೆ ಹಿಡಿಸುತ್ತದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ಊರೂರಿಗೆ ಸ್ವಲ್ಪ ಹೆಚ್ಚು ಕಡಿಮೆಯಾದೀತು.

ಆರು ಬಳೆಗಳ ಒಂದು ರೇಷ್ಮೆ ದಾರದ ಸೆಟ್ ಎನ್ನಿ. ಪ್ಲಾಸ್ಟಿಕ್ ಬಳೆ, ದಾರ, ಅಂಟು, ಕುಂದನ್ ಕಲ್ಲು, ಅಂಚಿನ ಚೈನು ಎಲ್ಲ ಸೇರಿ 90 ರೂಪಾಯಿಯ ಸಾಮಾನು. ಎಳೆ ಒಂದರ ಮೇಲೊಂದು ಏರದಂತೆ, ನಡುವೆ ಬಿಳಿ ಕಾಣದಂತೆ ಸುತ್ತಿ ಕಲ್ಲು ಕೂರಿಸಿ ಮುಗಿಸಲು ಮೂರು ಗಂಟೆ. ಡಬ್ಬಿ, ತಲುಪಿಸುವ ಓಡಾಟ 20 ರೂಪಾಯಿ. ಇನ್ನೂರಕ್ಕೆ ಮಾರಿದರೆ ಕೈಯಲ್ಲಿ ಉಳಿಯುವುದು 90. ಗಂಟೆಗೆ 30 ರೂಪಾಯಿ. ಚರ್ಚ್ ಹಬ್ಬದ ಮಳಿಗೆಯಲ್ಲಿ ಯಾರೋ ಚೌಕಾಸಿ ಮಾಡಿ 150ಕ್ಕೆ ಒಯ್ದರೆ ಉಳಿಯುವುದು 40, ಗಂಟೆಗೆ 13 ರೂಪಾಯಿ ಚಿಲ್ಲರೆ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸದ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ. ಕೆರೆಯ ಹೂಳೆತ್ತುವವಳಿಗೆ ಸಿಗುವಷ್ಟು ಕೂಲಿಯೂ ಈ 'ಉದ್ಯಮಿ'ಗೆ ಸಿಗುತ್ತಿಲ್ಲ. ಸಿಗಬೇಕಾದರೆ ಆ ಸೆಟ್ಟಿನ ಬೆಲೆ 250ರ ಹತ್ತಿರ ಇರಬೇಕು. ಕೆಟ್ಟದ್ದು, ಮಾರಾಟವಾಗದೆ ಉಳಿದದ್ದು ಸೇರಿಸಿದರೆ 280 ದಾಟುತ್ತದೆ. ಅಂಗಡಿಗೆ ಕೊಟ್ಟು ಮಾರಿಸುವುದಾದರೆ ಅಂಗಡಿಯವನ ಪಾಲೂ ಅದರ ಮೇಲೆ ಬೀಳುತ್ತದೆ.

ಜೇಡಿಮಣ್ಣಿನ ಓಲೆಯ ಲೆಕ್ಕ ಇನ್ನೂ ವಿಚಿತ್ರ. ಸಾಮಾನಿನ ಖರ್ಚು ತೀರಾ ಕಡಿಮೆ. ಆದ್ದರಿಂದಲೇ 'ಮಣ್ಣು ತಾನೆ' ಎಂಬ ಅಸಡ್ಡೆ. ಆದರೆ ಮಣ್ಣು ಸೋಸಬೇಕು, ಗಾಳಿ ಉಳಿಯದಂತೆ ನಾದಬೇಕು, ಆಕಾರ ಕೊಟ್ಟು ನೆರಳಲ್ಲಿ ದಿನಗಟ್ಟಲೆ ಒಣಗಿಸಬೇಕು, ಸುಡಬೇಕು, ಬಣ್ಣ ಹಚ್ಚಬೇಕು. ಒಳಗೆ ಕಿಂಚಿತ್ ಪಸೆ ಉಳಿದಿದ್ದರೂ ಬೆಂಕಿಯಲ್ಲಿ ಬಿರಿಯುತ್ತದೆ. ಈ ಒಂದು ಕಸುಬಿನಲ್ಲಿ ಬಯಲುಸೀಮೆಯ ಒಣಹವೆ ವರವೇ ಸರಿ. ನಮ್ಮ ಕರಾವಳಿಯ ಆಷಾಢದಲ್ಲಿ ಓಲೆ ಒಣಗುವುದಿರಲಿ, ಬಳೆಯ ಅಂಟು ಆರುವುದೂ ಕಷ್ಟ.

ನಮ್ಮ ಮಹಿಳಾ ಸಂಘಟನೆಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಕೈಕಸುಬಿನ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಉದ್ಘಾಟನೆ, ದೀಪ ಬೆಳಗಿಸುವುದು, ಅತಿಥಿಗಳ ಭಾಷಣ, ಪ್ರಮಾಣಪತ್ರ, ಫೋಟೋ. ಅಂಥ ಫೋಟೋಗಳನ್ನು ಪ್ರಕಟಿಸುವವರಲ್ಲಿ ನಾವೂ ಸೇರಿದ್ದೇವೆ, ಆದ್ದರಿಂದ ಟೀಕೆ ನಮಗೂ ಅನ್ವಯಿಸುತ್ತದೆ. ಕೈಗೆ ಕೆಲಸ ಕಲಿಸುತ್ತೇವೆ. ಬೆಲೆ ಕಟ್ಟುವುದನ್ನು ಕಲಿಸುವುದಿಲ್ಲ. ಕಲಿಸಿದ ಮೇಲೆ ಕೊಳ್ಳುವುದೂ ಇಲ್ಲ. ಮಹಿಳೆ ಸಾಮಾನಿನ ಖರ್ಚು ಬಂದರೆ ಸಾಕು ಎಂದುಕೊಳ್ಳುತ್ತಾಳೆ, ತನ್ನ ಸಮಯಕ್ಕೆ ಬೆಲೆಯೇ ಇಲ್ಲವೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದ ಗೃಹಿಣಿಯನ್ನು ಮದುವೆಯ ಪ್ರಸಂಗಗಳಲ್ಲಿ ನಾವು ಗುರುಗಳು ಧಾರಾಳವಾಗಿ ಹೊಗಳುತ್ತೇವೆ. ಆಕೆ ನೇಯ್ದು ವ್ಯಾಪಾರಿಗಳಿಗೆ ಮಾರುತ್ತಿದ್ದಳು, ಲಾಭ ನೋಡಿಕೊಳ್ಳುತ್ತಿದ್ದಳು ಎಂಬ ಭಾಗಕ್ಕೆ ಬರುವಷ್ಟರಲ್ಲಿ ಪ್ರಸಂಗದ ಸಮಯ ಮುಗಿದಿರುತ್ತದೆ.

ಸ್ಪರ್ಧೆಯೂ ಕಡಿಮೆಯಿಲ್ಲ. ಗುಜರಾತಿನ ರಾಜಕೋಟ್, ಮುಂಬೈಯ ಕಾರ್ಖಾನೆಗಳು, ಚೀನಾದ ಯಂತ್ರಗಳು ತಯಾರಿಸಿದ ಓಲೆಗಳು ಮೊಬೈಲ್ ಮೂಲಕ ಹೊಳಲ್ಕೆರೆಯ ಮನೆ ಬಾಗಿಲಿಗೇ ಅಗ್ಗದಲ್ಲಿ ಬಂದು ಬೀಳುತ್ತವೆ. ಅವುಗಳ ಜೊತೆ ಬೆಲೆಯಲ್ಲಿ ಸ್ಪರ್ಧಿಸಲು ಹೊರಟ ಕೈಕಸುಬು ಸೋಲುತ್ತದೆ. ಗೆಲ್ಲುವುದು ಯಂತ್ರ ಮಾಡಲಾರದ ಕಡೆ: ಸೀರೆಯ ಅಂಚಿನ ಬಣ್ಣಕ್ಕೇ ಹೊಂದುವ ಬಳೆ, ಇಂಥ ಮಗುವಿನ ಕೈಯ ಅಳತೆಗೆ, ಇಂಥ ದಿನದೊಳಗೆ ಎಂಬ ಆರ್ಡರ್. ಜೊತೆಗೆ ಗುಣಮಟ್ಟ. ಅಗ್ಗದ ಕೊಂಡಿಗಳಲ್ಲಿರುವ ನಿಕ್ಕಲ್ ಲೋಹದಿಂದ ಅನೇಕರ ಕಿವಿ ತುರಿಸಿ ಹುಣ್ಣಾಗುತ್ತದೆ. ನಿಕ್ಕಲ್ ಇಲ್ಲದ ಕೊಂಡಿಗೆ ಕೆಲವು ರೂಪಾಯಿ ಹೆಚ್ಚು ಕೊಟ್ಟರೂ ಗಿರಾಕಿ ಮತ್ತೆ ಬರುತ್ತಾಳೆ. ಇನ್ನೊಂದು ಎಚ್ಚರಿಕೆ: ಚಿನ್ನದ ಬಣ್ಣದ ಲೇಪವಿರುವುದನ್ನು ಚಿನ್ನವೆಂಬ ಭಾವನೆ ಬರುವಂತೆ ಮಾರಬಾರದು. ಚಿನ್ನದ ಆಭರಣಕ್ಕೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಗುರುತು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. 'ಒಂದು ಗ್ರಾಂ' ಸರಕಿಗೆ ಅದು ಅನ್ವಯವಾಗುವುದಿಲ್ಲ. ಕಷ್ಟಕಾಲದಲ್ಲಿ ಚಿನ್ನದ ಬಳೆ ಬ್ಯಾಂಕಿಗೆ ಹೋಗಿ ಹಣವಾಗಿ ಬರುತ್ತದೆ. ಈ ಬಳೆ ಬರುವುದಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ಅದು ಗೊತ್ತಿರಬೇಕು.

ಈ ವ್ಯಾಪಾರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಸಾಲ. ಆಭರಣ ಮಾರುವುದು ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ. ಗೌರಿ ಗಣೇಶ, ದಸರಾ, ದೀಪಾವಳಿ, ಕ್ರಿಸ್ಮಸ್, ಆಮೇಲೆ ಹಿರಿಯೂರಿನ ತೇರು ಮಲ್ಲೇಶ್ವರ, ನಾಯಕನಹಟ್ಟಿಯ ಜಾತ್ರೆಗಳು. ನಡುವಿನ ತಿಂಗಳುಗಳಲ್ಲಿ ಡಬ್ಬಿ ಮುಚ್ಚಿಯೇ ಇರುತ್ತದೆ. ಆದರೆ ಮೈಕ್ರೋ ಫೈನಾನ್ಸ್ ಸಾಲದ ಕಂತು ವಾರವಾರ, ಇಲ್ಲವೇ ತಿಂಗಳು ತಿಂಗಳು ಬರುತ್ತದೆ. ಅದು ಜಾತ್ರೆಗೆ ಕಾಯುವುದಿಲ್ಲ. ಆಗ ಈ ಕಂತಿಗೆ ಇನ್ನೊಂದು ಸಾಲ. ವಸೂಲಿಯ ಕಿರುಕುಳ ರಾಜ್ಯದಲ್ಲಿ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದಕ್ಕೂ ಮೊದಲೇ ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಒಂದು ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದಿದೆ. ಈ ಒಂದು ನಿಯಮ ತಿಳಿದಿದ್ದರೆ ಎಷ್ಟೋ ಮನೆಗಳು ಎರಡನೆಯ ಸಹಿ ಹಾಕುವ ಮೊದಲು ಯೋಚಿಸಿಯಾವು.

ಹಾಗಾದರೆ ಬಂಡವಾಳಕ್ಕೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಈ ಕಸುಬಿಗೆ ಆರಂಭದಲ್ಲಿ ಸಾಲವೇ ಬೇಡ. ಎರಡು ಮೂರು ಸಾವಿರ ರೂಪಾಯಿಯ ಸಾಮಾನಿನಲ್ಲಿ ಕೈ ಪರೀಕ್ಷಿಸಬಹುದು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಹೀಗೆ ಬಳಸಿಕೊಳ್ಳುವುದರಲ್ಲಿ ಅರ್ಥವಿದೆ. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ., ಹಿರಿಯೂರಿನಿಂದ ಇನ್ನೂ ಹತ್ತಿರ. ಚಿಕ್ಕಪೇಟೆಯ ಸಗಟು ಅಂಗಡಿಗಳಿಂದ ದಾರ, ಮಣಿ, ಕೊಂಡಿಗಳನ್ನು ತೂಕದ ಲೆಕ್ಕದಲ್ಲಿ ತಂದು ನಾಲ್ಕೈದು ಮನೆಯವರು ಹಂಚಿಕೊಂಡರೆ ಸಾಮಾನಿನ ಖರ್ಚು ಗಣನೀಯವಾಗಿ ಇಳಿಯುತ್ತದೆ. ಈ ಯೋಜನೆಗಳ ಬಗ್ಗೆ ರಾಜಕೀಯ ಚರ್ಚೆ ಏನೇ ಇರಲಿ, ಕಚ್ಚಾ ಸಾಮಾನಿನ ಪ್ರಯಾಣಕ್ಕೆ ಹಣ ಬೇಡವಾದದ್ದು ಮಣಿ ಪೋಣಿಸುವವಳಿಗೆ ದೊಡ್ಡ ಸಂಗತಿ.

ವ್ಯಾಪಾರ ನಿಂತ ಮೇಲೆ ದೊಡ್ಡದು ಮಾಡಬೇಕೆನಿಸಿದರೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಿದೆ. ಮೂರು ಲಕ್ಷದವರೆಗಿನ ಬ್ಯಾಂಕ್ ಸಾಲ, ಅದರಲ್ಲಿ ಒಂದು ಭಾಗ ಸಹಾಯಧನ. ನಮ್ಮ ಸಮುದಾಯದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯನ್ನು ವಿಚಾರಿಸಬಹುದು. 2023ರ ಸೆಪ್ಟೆಂಬರ್ 17ರಂದು ಪ್ರಾರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹೆಸರು ಹೆಚ್ಚು ಕೇಳಿಬರುತ್ತದೆ: ಉಪಕರಣಕ್ಕೆ 15 ಸಾವಿರ, ಶೇ. 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ಸಾಲ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗ, ಕುಂಬಾರ, ಬೊಂಬೆ ಮಾಡುವವರು, ಹೂಮಾಲೆ ಕಟ್ಟುವವರು ಇದ್ದಾರೆ. ಕೃತಕ ಆಭರಣ ಮಾಡುವವರಿಗೆ ಪ್ರತ್ಯೇಕ ಸ್ಥಾನವಿಲ್ಲ. ದಾರದ ಬಳೆ ಮಾಡುವವಳು ಆ ಅರ್ಜಿಗಾಗಿ ಏಜೆಂಟನಿಗೆ ಹಣ ಕೊಡುವ ಮೊದಲು ಇದನ್ನು ತಿಳಿದಿರಲಿ. ಉದ್ಯಮ್ ನೋಂದಣಿಯೂ ಸಂಪೂರ್ಣ ಉಚಿತ. ಅದಕ್ಕೂ ಹಣ ಕೀಳುವವರಿದ್ದಾರೆ.

ತೆರಿಗೆಯ ಹೆದರಿಕೆಯ ಬಗ್ಗೆಯೂ ಒಂದು ಮಾತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಫಲಕ ಬಿತ್ತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಭರವಸೆ ಕೊಟ್ಟ ನಂತರ ಗಲಾಟೆ ತಣ್ಣಗಾಯಿತು. ಆದರೆ ಮನೆ ವ್ಯಾಪಾರದವರ ಮನಸ್ಸಿನಲ್ಲಿ ಅಳುಕು ಉಳಿದಿದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಅಂದರೆ ತಿಂಗಳಿಗೆ ಮೂರು ಲಕ್ಷಕ್ಕಿಂತ ಹೆಚ್ಚು. ತಿಂಗಳಿಗೆ ಎಂಟು ಹತ್ತು ಸಾವಿರದ ಬಳೆ ಮಾರುವವಳು ಹೆದರಬೇಕಾಗಿಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದ ಸಣ್ಣವರೂ ರಾಜ್ಯದೊಳಗೆ ಮೀಶೋದಂಥ ಜಾಲತಾಣಗಳ ಮೂಲಕ ಮಾರಲು ಅವಕಾಶವಿದೆ. ಮಾಡಬೇಕಾದ್ದು ಒಂದೇ: ಗಂಡನ ಅಡಿಕೆ ಹಣ, ಚೀಟಿ ಹಣ, ಬಳೆಯ ಹಣ ಎಲ್ಲವೂ ಒಂದೇ ಖಾತೆಗೆ ಬೀಳದಂತೆ ವ್ಯಾಪಾರಕ್ಕೆ ಬೇರೆ ಖಾತೆ. ಇದರಿಂದ ಇನ್ನೊಂದು ಲಾಭವಿದೆ. ಆ ಹಣ ಯಾರದೆಂದು ಮನೆಯಲ್ಲಿ ಸ್ಪಷ್ಟವಾಗುತ್ತದೆ.

ಸ್ವಂತ ವ್ಯಾಪಾರ ಬೇರೆ, ವ್ಯಾಪಾರಿಗಾಗಿ ಪೀಸ್ ಲೆಕ್ಕದಲ್ಲಿ ಮಣಿ ಪೋಣಿಸುವುದು ಬೇರೆ. ಎರಡನ್ನೂ ನಾವು 'ಮನೆ ಕೆಲಸ' ಎಂದೇ ಕರೆದುಬಿಡುತ್ತೇವೆ. ಎರಡನೆಯವರು ನಿಜಕ್ಕೂ ಕಾರ್ಮಿಕರು. ಅವರ ಹಕ್ಕಿಗಾಗಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಡಂಬಡಿಕೆ ರೂಪಿಸಿತು. ಭಾರತ ಅದನ್ನು ಅನುಮೋದಿಸಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ದುಡಿಯುವ ಕೆಲಸಗಾರರ ಹೆಸರು ಬಂದಿದೆ ಎಂಬುದು ಸಮಾಧಾನ. ಅದು ಹೊಸದುರ್ಗದ ಓಣಿಯವರೆಗೆ ಏನಾಗಿ ತಲುಪುತ್ತದೆ ಎಂದು ನೋಡಬೇಕು. ಮೊದಲ ಹೆಜ್ಜೆಯಾಗಿ ಇ-ಶ್ರಮ್‌ನಲ್ಲಿ ಹೆಸರು ದಾಖಲಿಸಲು ನಮ್ಮ ಧರ್ಮಕೇಂದ್ರಗಳ ಯುವಜನರು ನೆರವಾಗಬಹುದು. 'ಮನೆಯಲ್ಲೇ ಮಣಿ ಪೋಣಿಸಿ ತಿಂಗಳಿಗೆ ಮೂವತ್ತು ಸಾವಿರ ಗಳಿಸಿ' ಎಂದು ಆಸೆ ತೋರಿಸಿ, ಸಾಮಾನಿನ ಠೇವಣಿಯೆಂದು ಹಣ ಪಡೆದು, ಮಾಡಿಕೊಟ್ಟದ್ದನ್ನೆಲ್ಲ 'ಗುಣಮಟ್ಟವಿಲ್ಲ' ಎಂದು ತಿರಸ್ಕರಿಸುವ ವಂಚಕರ ಬಗ್ಗೆಯೂ ವಾರ್ಡ್ ಸಭೆಗಳಲ್ಲಿ ಹೇಳಬೇಕು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಒಪ್ಪಿಕೊಂಡೇ ಕೆಲಸ ಮಾಡಿದಳಲ್ಲ ಎಂಬುದು ಕೂಲಿ ನ್ಯಾಯವೆನ್ನಲು ಸಾಕಾಗುವುದಿಲ್ಲ ಎಂದು ಪೋಪ್ ಹದಿಮೂರನೇ ಲಿಯೋ ಅವರು 1891ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದರು. 2025ರ ಮೇಯಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದೂ ಆ ಪರಂಪರೆಯನ್ನು ನೆನೆದೇ. ಕಾರ್ಖಾನೆಯ ಮಾಲೀಕರನ್ನು ಉದ್ದೇಶಿಸಿದ ಬೋಧನೆಯೆಂದು ಅದನ್ನು ಓದಿ ಬದಿಗಿಡುವ ನಾವು ಚರ್ಚ್ ಅಂಗಳದ ಮಳಿಗೆಯಲ್ಲಿ ಐವತ್ತು ರೂಪಾಯಿ ಇಳಿಸಿ ಬಳೆ ಕೊಂಡು ಖುಷಿಪಡುತ್ತೇವೆ.

ಧರ್ಮಕೇಂದ್ರಗಳ ಕೈಯಲ್ಲಿ ಏನಿದೆ ಎಂದರೆ, ಮಾರುಕಟ್ಟೆ ಇದೆ. ಮಣಿಸರ ಪೋಣಿಸುವ ಕೈಗೆ ಜಪಮಾಲೆ ಪೋಣಿಸುವುದು ಕಷ್ಟವಲ್ಲ. ಐವತ್ತೊಂಬತ್ತು ಮಣಿ, ಒಂದು ಶಿಲುಬೆ, ಗಟ್ಟಿ ದಾರ. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳಿಗೆ ಪ್ರತಿ ವರ್ಷ ನಾವು ಪ್ಲಾಸ್ಟಿಕ್ ಜಪಮಾಲೆಗಳನ್ನು ಸಗಟಾಗಿ ತರಿಸುತ್ತೇವೆ. ನಮ್ಮ ಕರಾವಳಿಯ ಮದುವೆಗಳಲ್ಲಿ ರೋಸ್ ಇದೆ, ಮದುಮಗಳಿಗೆ ಬಳೆ ತೊಡಿಸುವ ಚೂಡೊ ಇದೆ. ನೆಂಟರಿಗೆ ಕೊಡುವ ಸಣ್ಣ ಉಡುಗೊರೆಗಳಿವೆ. ಘಟ್ಟದ ಮೇಲಿನ ಧರ್ಮಕೇಂದ್ರಗಳ ಸಂಘಗಳಿಗೆ, ಯಾವ ಧರ್ಮದವರೇ ಆಗಿರಲಿ ಅಲ್ಲಿನ ಮಹಿಳೆಯರಿಗೆ, ಆ ಆರ್ಡರಿನ ಒಂದು ಪಾಲು ಹೋಗಲಿ. ಇದನ್ನು ದಾನವೆಂದು ಕೊಡಬಾರದು. ಸೊಟ್ಟಗಿದ್ದರೆ ವಾಪಸ್ ಕಳಿಸುವ ಹಕ್ಕನ್ನಿಟ್ಟುಕೊಂಡು, ಗಂಟೆಯ ಕೂಲಿ ಸೇರಿಸಿದ ಬೆಲೆಗೆ ಕೊಳ್ಳಬೇಕು. ಅರ್ಧ ಹಣ ಮುಂಗಡ ಕೊಡಬೇಕು. ಆಗ ಆಕೆ ಮೈಕ್ರೋ ಫೈನಾನ್ಸ್‌ನವರ ಬಾಗಿಲಿಗೆ ಹೋಗಬೇಕಾಗುವುದಿಲ್ಲ. ತರಬೇತಿಗೆ ಹದಿಮೂರು ದಿನ ಮನೆ ಬಿಟ್ಟು ಬರಲಾಗದ ತಾಯಂದಿರಿಗೆ, ಹಸು ಮಕ್ಕಳನ್ನು ಬಿಟ್ಟು ಬರಲಾಗದ ತಾಂಡಾದವರಿಗೆ, ಅಲ್ಲಿನ ಕಾನ್ವೆಂಟುಗಳು ವಾರಕ್ಕೆರಡು ಮಧ್ಯಾಹ್ನ ಒಂದು ಕೋಣೆ ಬಿಟ್ಟುಕೊಡಬಹುದು. ಅಲ್ಲಿ ಬಳೆಗಿಂತ ಮೊದಲು ಒಂದು ನೋಟ್‌ಬುಕ್ ಕೊಡಬೇಕು: ಸಾಮಾನು ಎಷ್ಟು, ಗಂಟೆ ಎಷ್ಟು, ಮಾರಿದ್ದು ಎಷ್ಟಕ್ಕೆ.

ಮುಂದಿನ ಬೇಸಿಗೆಯ ಪ್ರಥಮ ಪರಮಪ್ರಸಾದಕ್ಕೆ ಜಪಮಾಲೆ ಬೇಕಾದರೆ ಆರ್ಡರ್ ಕೊಡಬೇಕಾದ್ದು ಜನವರಿಯಲ್ಲಿ. ಪಾಲನಾ ಪರಿಷತ್ತಿನ ಕಾರ್ಯದರ್ಶಿಗಳು ಕ್ರಿಸ್ಮಸ್ ಮುಗಿದ ಕೂಡಲೇ ಮಕ್ಕಳ ಲೆಕ್ಕ ತೆಗೆದಿಟ್ಟುಕೊಂಡರೆ ಸಾಕು.